ಕೂಸಿಗೆ ನೆಗಡಿಯಾಗಿದೆ

ಉಲ್ಲಾಳ, ಬೆಂಗಳೂರು
೧೮ ಆಗಸ್ಟ್ ೨೦೨೪

ವೈನಿಯವರಿಗೆ,

ನಿಮ್ಮ ನಾದಿನಿ ಚೇತನಾ ಬರೆಯುವ ಪತ್ರ. ಕೈಯಲ್ಲಿ ಫೋನಿರುವಾಗ ಇವಳಿಗೇಕೆ ಈ ಹುಚ್ಚು ಎಂದು ನೀವು ನಗಬಹುದು. ನಿಮ್ಮ ಮನೆಯ ಫೋನು ಅಮರೇಶಣ್ಣನ ಹತ್ತಿರ ಇರುತ್ತದೆ. ಅವನು ಅದನ್ನು ಕಿವಿಗೆ ಹಿಡಿದದ್ದನ್ನು ನಾನು ನೋಡಿಲ್ಲ, ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಇಟ್ಟುಬಿಡುತ್ತಾನೆ. ಅವ್ವನ ಬಗ್ಗೆ ನಾನು ಆಡುವ ಮಾತನ್ನು ಅವ್ವನೂ ಕೇಳುತ್ತಾಳೆ, ಓಣಿಯೂ ಕೇಳುತ್ತದೆ. ಅದೂ ಅಲ್ಲದೆ ಪಂಚಮಿ ಹಬ್ಬದಲ್ಲಿ ನಾವಿಬ್ಬರೂ ಕಚ್ಚಾಡಿದ ಮೇಲೆ ಫೋನಿನಲ್ಲಿ ಶುರು ಮಾಡಿದರೆ ಮತ್ತೆ ಜಗಳವೇ. ಬರೆದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಪಂಚಮಿಯ ದಿನ ಅವ್ವ ಹಾಲೆರೆದದ್ದು ಹುತ್ತಕ್ಕಲ್ಲ, ಪಕ್ಕದ ಮಣ್ಣಿಗೆ. ನಾನು ಅವಳ ಕೈ ಹಿಡಿದು ಸರಿಸಿದೆ. ಮಣ್ಣಿಗೆ ಬಿದ್ದರೂ ನಾಗಪ್ಪನಿಗೇ ಮುಟ್ಟುತ್ತದೆ ಎಂದು ನಕ್ಕಳು. ಮಧ್ಯಾಹ್ನ ಚಹಾ ಸೋಸುವಾಗ ಬಟ್ಟಲು ಒಂದು ಕಡೆ, ಚಹಾ ಇನ್ನೊಂದು ಕಡೆ. ಆಮೇಲೆ ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿ ನೋಡಿದೆ. ಎಡಗಣ್ಣಿನ ಪಾಪೆ ಪೂರಾ ಬೆಳ್ಳಗಾಗಿದೆ. ಬಲಗಣ್ಣಿಗೂ ಮಬ್ಬು ಹಿಡಿದಿದೆ. ಒಂದೇ ಮನೆಯಲ್ಲಿ ಇದ್ದುಕೊಂಡು ಇದು ನಿಮಗೆ ಕಾಣಲಿಲ್ಲವೇ ಎಂದು ನಾನು ಕೇಳಿದೆ. ವರ್ಷಕ್ಕೊಮ್ಮೆ ಹೊಸ ಸೀರೆ ಉಟ್ಟು ಬಂದು ಹೋಗುವವರಿಗೆ ಎಲ್ಲವೂ ಬೇಗ ಕಾಣುತ್ತದೆ ಎಂದು ನೀವು ತಿರುಗಿ ಅಂದಿರಿ. ನನ್ನ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಅತ್ತಿಗುಪ್ಪೆ ಮೆಟ್ರೊ ಹತ್ತಿರ ಒಂದು ಕಣ್ಣಿನ ಆಸ್ಪತ್ರೆ ಇದೆ. ನಮ್ಮ ಗಾರ್ಮೆಂಟ್ಸಿನ ಹೆಂಗಸರು ಕನ್ನಡಕಕ್ಕೆ ಅಲ್ಲಿಗೇ ಹೋಗುತ್ತಾರೆ. ಗಣಪತಿ ಹಬ್ಬ ಮುಗಿದ ಕೂಡಲೇ ಅವ್ವನನ್ನು ಬಸ್ಸು ಹತ್ತಿಸಿ. ಮನೆ ಕೆಲಸಕ್ಕೆ ಒಂದು ಕೈ ಕಡಿಮೆಯಾಗುತ್ತದೆ ಎಂದು ನೀವು ಅವಳನ್ನು ಹಿಡಿದಿಟ್ಟುಕೊಳ್ಳಬೇಡಿ. ಬರೆಯಬಾರದು ಎಂದುಕೊಂಡಿದ್ದೆ, ಬರೆದಾಯಿತು.

ಇಂತಿ,
ಚೇತನಾ

ಕರೇಬಾವಿಹಾಳ
೫ ಸೆಪ್ಟೆಂಬರ್ ೨೦೨೪

ಚೇತನಕ್ಕಾ,

ನಿಮ್ಮ ಪತ್ರ ಓದಿ ಒಂದು ದಿನ ಪೂರ್ತಿ ಸಿಟ್ಟಿನಲ್ಲಿ ರೊಟ್ಟಿ ತಟ್ಟಿದೆ. ರೊಟ್ಟಿ ಚೆನ್ನಾಗಿ ಬಂದವು. ನಿಮ್ಮ ಅಣ್ಣ ಎರಡು ಹೆಚ್ಚಿಗೆ ತಿಂದರು. ಸಿಟ್ಟು ಇಳಿದ ಮೇಲೆ ಈಗ ಬರೆಯುತ್ತಿದ್ದೇನೆ.

ನಾನು ನೋಡಿಲ್ಲ ಎಂದಿರಲ್ಲ, ಕೇಳಿ. ಮುಂಗಾರಿನ ಹೊತ್ತಿಗೆ ಊರಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಆಯಿತು. ಎಲ್ಲರಿಗಿಂತ ಮೊದಲು ಅತ್ತೆಯ ಹೆಸರು ಬರೆಸಿದವಳು ನಾನು. ಹೆಸರು ಕೂಗುವ ಹೊತ್ತಿಗೆ ಅತ್ತೆ ಇಲ್ಲ. ಊರೆಲ್ಲ ಹುಡುಕಿದೆ. ಪಕ್ಕದ ಮನೆ ಯಲ್ಲಪ್ಪನವರ ದನದ ಕೊಟ್ಟಿಗೆಯಲ್ಲಿ ಕುಳ್ಳು ತಟ್ಟುತ್ತಾ ಕುಳಿತಿದ್ದರು, ಅದೂ ಬೇರೆಯವರ ಮನೆಯ ಕುಳ್ಳು. ಏಳಿರಿ ಎಂದರೆ, "ನಂದಿನ್ನಾ ಹಣ್ಣಾಗಿಲ್ಲ, ಹಣ್ಣಾದಾಗ ಬಾ ಅಂತ ಹೇಳ್" ಎಂದರು. ಪೊರೆ ಹಣ್ಣಾದ ಮೇಲೆ ತೆಗೆಸಬೇಕು ಎಂಬುದು ಇಲ್ಲಿ ಮುದುಕರಿಗೆಲ್ಲ ಗೊತ್ತಿರುವ ಶಾಸ್ತ್ರ. ಕ್ಯಾಂಪಿನ ಡಾಕ್ಟರು ಬೇರೆ ಹೇಳಿದರೆ ಡಾಕ್ಟರಿಗೇ ತಿಳಿಯದು ಎನ್ನುತ್ತಾರೆ.

ಯಲ್ಲಪ್ಪನವರದು ಇನ್ನೊಂದು ಕಥೆ. ಅವರು ಹೋದ ವರ್ಷ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದು, ಪಟ್ಟಿ ಬಿಚ್ಚಿದ ಬೆನ್ನಿಗೇ ಕಣಕ್ಕೆ ಹೋಗಿ ಜೋಳ ತೂರಲು ನಿಂತರು. ಕಣ್ಣು ಕೀವಾಯಿತು. ತೂರಿದ್ದನ್ನು ಯಾರೂ ಹೇಳುವುದಿಲ್ಲ, ಡಾಕ್ಟರು ಕಣ್ಣು ಕಳೆದರು ಎಂದು ಹೇಳುತ್ತಾರೆ. ನಿಮ್ಮ ಅಣ್ಣನನ್ನು ಕೇಳಿದರೆ ಬಿತ್ತನೆ ಆಗಲಿ, ರಾಶಿ ಆಗಲಿ ಎನ್ನುತ್ತಾರೆ. ಅವರು ಕೆಟ್ಟವರಲ್ಲ. ಅವ್ವನ ಕಣ್ಣು ಹೋಗುತ್ತಿದೆ ಎಂದು ಒಪ್ಪಿಕೊಳ್ಳಲು ಅವರಿಗೆ ಧೈರ್ಯವಿಲ್ಲ, ಅಷ್ಟೆ.

ಆದರೆ ಅಕ್ಕಾ, ಇವೆಲ್ಲ ಮೇಲಿನ ಮಾತು. ಅತ್ತೆ ಈ ಊರಲ್ಲಿ ಯಾರು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಲಕ್ಷ್ಮವ್ವ ಬರಬೇಕು, ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು. ಅವರು ಎರೆದ ಕೂಸು ಅಳದೆ ಮಲಗುತ್ತದೆ ಎಂಬ ಹೆಸರಿದೆ. ಆಪರೇಷನ್ ಆದರೆ ಒಂದೂವರೆ ತಿಂಗಳು ಹೊಗೆ, ಬಿಸಿನೀರು, ಬಗ್ಗುವುದು ಏನೂ ಕೂಡದಂತೆ. ಅಷ್ಟು ದಿನ ಓಣಿಯ ಕೂಸುಗಳಿಗೆ ಯಾರು ಎರೆಯುತ್ತಾರೆ ಎಂಬುದೇ ಅವರ ಚಿಂತೆ. ಒಂದು ಕೂಸು ದೊಡ್ಡದಾಗುವಷ್ಟರಲ್ಲಿ ಇನ್ನೊಂದು ಹುಟ್ಟಿರುತ್ತದೆ.

ಇನ್ನೊಂದು ಸುದ್ದಿಯನ್ನೂ ಹೇಳಬೇಕು. ನನಗೆ ಈಗ ಐದು ತಿಂಗಳು. ಪಂಚಮಿಯಲ್ಲೇ ಹೇಳಬೇಕಿತ್ತು, ಜಗಳದಲ್ಲಿ ಹೋಯಿತು. ನನಗೆ ತಾಯಿಯಿಲ್ಲ, ತವರಿಗೆ ಹೋದರೆ ಬಾಣಂತನ ಮಾಡುವವರಿಲ್ಲ. ನಿನ್ನ ಬಾಣಂತನ ಮಾಡಿ, ಕೂಸಿಗೆ ಎರೆದು ಆಮೇಲೆ ಕಣ್ಣಿನ ಮಾತು ಎಂದು ಅತ್ತೆ ಹೇಳಿಬಿಟ್ಟಿದ್ದಾರೆ. ನಾನು ಬೇಡ ಎನ್ನಲಿಲ್ಲ. ಹೆದರಿಕೆಯಾಗುತ್ತದೆ ಅಕ್ಕಾ, ಅವರು ಹತ್ತಿರ ಇರಲಿ ಅನ್ನಿಸುತ್ತದೆ. ಹಿಡಿದಿಟ್ಟುಕೊಂಡಿದ್ದೇನೆ ಎಂದು ನೀವು ಬರೆದದ್ದು ಅದಕ್ಕೇ ಚುಚ್ಚಿತು.

ನಿಮ್ಮ,
ಸೌಂದರ್ಯಾ

ಉಲ್ಲಾಳ
೨೨ ಸೆಪ್ಟೆಂಬರ್ ೨೦೨೪

ವೈನಿ,

ಮೊದಲು ಒಳ್ಳೆಯ ಸುದ್ದಿಗೆ. ಸಂತೋಷವಾಯಿತು. ಈ ಒಂದು ಮಾತು ಬರೆದು ಎರಡು ಸಲ ಹೊಡೆದುಹಾಕಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಮಡಿಲು ಖಾಲಿ ಇರುವುದು ನಿಮಗೆ ಗೊತ್ತು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಸಂತೋಷ ಸುಳ್ಳಲ್ಲ. ಅಣ್ಣನಿಗೆ ಹೇಳಿ, ನಿಮ್ಮ ಕೈಯಿಂದ ನೀರು ಸೇದಿಸಬಾರದು.

ಶನಿವಾರ ಅರ್ಧ ದಿನ ರಜೆ ಕೇಳಿ ಆ ಆಸ್ಪತ್ರೆಗೆ ಹೋದೆ. ರೋಗಿಯನ್ನು ಕರೆತರದೆ ಬಂದಿದ್ದಕ್ಕೆ ಚೀಟಿ ಕೊಡುವ ಹುಡುಗಿ ಗೊಣಗಿದಳು. ಡಾಕ್ಟರಮ್ಮ ಕೇಳಿಸಿಕೊಂಡರು. ಹಣ್ಣಾಗಲಿ ಎಂದು ಕಾಯುತ್ತಿದ್ದಾರೆ ಎಂದೆ. ಅವರು ಪೆನ್ನು ಕೆಳಗಿಟ್ಟು, "ಅದೇನು ಮಾವಿನಕಾಯಿನಾ ಕಾಯೋಕೆ? ಜಾಸ್ತಿ ಬಲಿತ್ರೆ ಒಳಗೆ ಪ್ರೆಶರ್ ಏರುತ್ತೆ, ನರ ಹೋಗುತ್ತೆ. ನರ ಹೋದ್ಮೇಲೆ ನನ್ ಕೈಲೂ ಏನೂ ಆಗಲ್ಲ" ಎಂದರು. ಹಿಂದಿನ ಕಾಲದಲ್ಲಿ ಡಾಕ್ಟರುಗಳೇ ಕಾಯಿರಿ ಎನ್ನುತ್ತಿದ್ದರಂತೆ. ಈಗಿನ ಆಪರೇಷನ್ ಬೇರೆಯಂತೆ. ನಮ್ಮ ಹಳ್ಳಿಗೆ ಹಳೆಯ ಮಾತು ಮಾತ್ರ ಬಂದು ಮುಟ್ಟಿದೆ. ತಲೆನೋವು, ವಾಂತಿ ಇದೆಯಾ ಎಂದು ಕೇಳಿದರು. ಇದ್ದರೆ ಒಂದು ದಿನವೂ ತಡ ಮಾಡಬಾರದಂತೆ. ನನಗೆ ಗೊತ್ತಿಲ್ಲ ಎಂದೆ. ಸ್ವಂತ ತಾಯಿಗೆ ತಲೆನೋವಿದೆಯೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು.

ಇಲ್ಲಿಯದೂ ಸುಲಭವಿಲ್ಲ. ನಾವಿರುವುದು ಎರಡನೇ ಮಹಡಿಯ ಒಂದು ರೂಮು. ಮೆಟ್ಟಿಲಿಗೆ ಹಿಡಿದು ಹತ್ತಲು ಕಟಾಂಜನ ಇಲ್ಲ. ವೀರೇಶ ಬೆಳಗಿನಿಂದ ರಾತ್ರಿಯವರೆಗೆ ಬೈಕಿನ ಮೇಲೆ, ಯಾರದೋ ಊಟ ಯಾರಿಗೋ ಮುಟ್ಟಿಸುತ್ತಾ ಇರುತ್ತಾರೆ. ಆದರೂ ಅವರೇ, ಅತ್ತೆಯನ್ನು ಕರೆಸು, ಮೆಟ್ಟಿಲು ನಾನು ಹತ್ತಿಸುತ್ತೇನೆ ಎಂದರು.

ಅವ್ವ ತನ್ನ ಕಣ್ಣಿಗೆ ಅಂತ ಬರುವವಳಲ್ಲ. ಏನಾದರೂ ಸುಳ್ಳು ಹೇಳಿ ಕಳಿಸಿ. ನನಗೆ ಜ್ವರ ಎನ್ನಿ, ಮೆಟ್ಟಿಲಿನಿಂದ ಬಿದ್ದಳು ಎನ್ನಿ. ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಪಾಪ ನನ್ನ ತಲೆಗಿರಲಿ.

ಚೇತನಾ

ಕರೇಬಾವಿಹಾಳ
೧೩ ಅಕ್ಟೋಬರ್ ೨೦೨೪

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಪತ್ರವನ್ನು ಅತ್ತೆಯ ಚೀಲದಲ್ಲೇ ಇಡುತ್ತೇನೆ. ಅವರಿಗೆ ಓದು ಬಾರದು, ನೀವು ತೆಗೆದುಕೊಳ್ಳಿ.

ತಲೆನೋವು ಇತ್ತು. ಎಡಗಡೆಯ ಹಣೆ ಸಿಡಿಯುತ್ತದೆ ಎಂದು ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದರು. ಪಿತ್ತ ಎನ್ನುತ್ತಿದ್ದರು. ಆಯುಧಪೂಜೆಯ ದಿನ ವಾಂತಿಯಾಯಿತು. ನಿಮ್ಮ ಡಾಕ್ಟರು ಹೇಳಿದ್ದು ನೆನಪಾಗಿ ನನ್ನ ಜೀವ ಹಾರಿತು. ನಿಮಗೆ ಜ್ವರ ಎಂದೆ, ಕಷಾಯ ಕುಡಿಯಲು ಹೇಳು ಎಂದರು. ಬಿದ್ದಿದ್ದೀರಿ ಎಂದೆ, ಅಲ್ಲಿ ಬೇಕಾದಷ್ಟು ದವಾಖಾನೆ ಅದಾವ ಎಂದರು. ಆಮೇಲೆ ನನ್ನ ಬಾಯಿಂದ ಬೇರೊಂದು ಮಾತು ಬಂತು. ನಿಮಗೆ ನಾಲ್ಕು ತಿಂಗಳು, ದೃಷ್ಟಿಯಾದೀತು ಎಂದು ಯಾರಿಗೂ ಹೇಳಿಲ್ಲ, ಈಗ ಮೈ ಸರಿಯಿಲ್ಲ, ಡಾಕ್ಟರು ಮಲಗಿಸಿದ್ದಾರೆ ಎಂದೆ.

ಅತ್ತೆ ಅಲ್ಲೇ ಎದ್ದು ಸೀರೆ ಕೊಡವಿಕೊಂಡರು. ಈ ರಾತ್ರಿಯ ಬಸ್ಸಿಗೆ ನಿಮ್ಮ ಅಣ್ಣ ಹತ್ತಿಸುತ್ತಾರೆ. ಅವರಿಗೂ ನಾನು ನಿಜ ಹೇಳಿಲ್ಲ.

ಬೈಯಿರಿ, ಆದರೆ ಮೊದಲು ಕಣ್ಣು ತೋರಿಸಿ.

ಸೌಂದರ್ಯಾ

ಉಲ್ಲಾಳ
೨೦ ಅಕ್ಟೋಬರ್ ೨೦೨೪

ಸೌಂದರ್ಯಾ,

ಏನಾದರೂ ಸುಳ್ಳು ಹೇಳು ಎಂದು ನಾನೇ ಬರೆದಿದ್ದೆ. ಹೌದು. ಆದರೆ ಈ ಸುಳ್ಳು ಹೇಳಲು ನಿನಗೆ ಮನಸ್ಸಾದರೂ ಹೇಗೆ ಬಂತು?

ವೀರೇಶ ಮೆಜೆಸ್ಟಿಕ್ಕಿಗೆ ಹೋಗಿ ಅವ್ವನನ್ನು ಬೈಕಿನಲ್ಲಿ ಕರೆತಂದರು. ದಾರಿಯುದ್ದಕ್ಕೂ ಅವ್ವ ಅವರ ಬೆನ್ನು ಸವರುತ್ತಾ ದೇವರು ಕಣ್ಣು ಬಿಟ್ಟ, ಕಣ್ಣು ಬಿಟ್ಟ ಎನ್ನುತ್ತಿದ್ದಳಂತೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ಕೆಳಗೆ ಓನರ್ ಪಟಾಲಮ್ಮನವರು ಬಾಗಿಲು ಸಾರಿಸುತ್ತಿದ್ದರು. ಅವ್ವ ಅವರಿಗೂ ಹೇಳಿದಳು. ಅವರು ಹೂವು, ಬಾಳೆಹಣ್ಣು ಹಿಡಿದು ಮೇಲೆ ಬಂದು, "ಏನಮ್ಮ ಚೇತನಾ, ನಂಗೊಂದು ಮಾತು ಹೇಳ್ಲಿಲ್ವಲ್ಲ" ಎಂದರು. ನಾನು ಆಗ ಡ್ಯೂಟಿಗೆಂದು ಡಬ್ಬಿ ಕಟ್ಟುತ್ತಿದ್ದೆ. ಹೂವು ಇಸಿದುಕೊಂಡೆ. ಬೇರೆ ಏನು ಮಾಡಬೇಕಿತ್ತು ನಾನು?

ಅವ್ವ ತನ್ನ ಗಂಟು ಬಿಚ್ಚಿದಳು. ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆ, ಔಡಲೆಣ್ಣೆ, ಬಜೆ ಬೇರು, ಲೋಬಾನ. ನಾಲ್ಕೇ ತಿಂಗಳು ಎಂದು ಗೊತ್ತಿದ್ದೂ ಎಲ್ಲ ತಂದಿದ್ದಳು. ಆಮೇಲೆ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈ ಇಟ್ಟಳು. ಎಷ್ಟು ಬಸುರಿಯರ ಹೊಟ್ಟೆ ನೋಡಿದ ಕೈ ಅದು. ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ತೆಗೆದಳು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದಳು. ಸಂಜೆ ನಾನು ಕೆಲಸದಿಂದ ಬಂದ ಮೇಲೆ, "ನಿನ್ನ ಮ್ಯಾಲ ಇಂಥಾ ಸುಳ್ಳ ಹೇಳಬಾರದಿತ್ತು" ಎಂದಳು. ಕಣ್ಣಿನ ಮಾತು ಎತ್ತಲೇ ಇಲ್ಲ. ಅವಳಿಗೆ ಸಂಕಟವಾದದ್ದು ನನ್ನ ಸಲುವಾಗಿ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುವಿ ಅತ್ತೆ.

ಇಷ್ಟಾದ ಮೇಲೂ ಮರುದಿನ ಆಸ್ಪತ್ರೆಗೆ ಬಂದಳು, ತಲೆನೋವು ತಾಳಲಾರದೆ. ಎಡಗಣ್ಣು ಹೋಗಿದೆ. ಪೊರೆ ಅತಿಯಾಗಿ ಬಲಿತು, ಒತ್ತಡ ಏರಿ, ನರ ಸತ್ತಿದೆ. ಡಾಕ್ಟರಮ್ಮ ಟಾರ್ಚು ಹಿಡಿದು ಬೆಳಕು ಕಾಣುತ್ತಾ ಎಂದು ಕೇಳಿದರು. ಅವ್ವ ಕಾಣತೈತಿ ಎಂದಳು. ಅವರು ಆ ಹೊತ್ತಿಗೆ ಟಾರ್ಚು ಆರಿಸಿದ್ದರು. ನೋವು ಇಳಿಯಲು ಔಷಧಿ ಕೊಟ್ಟಿದ್ದಾರೆ, ನೋವು ಇಳಿದಿದೆ. ಬಲಗಣ್ಣಿನ ಪೊರೆಯೂ ಬಲಿತಿದೆ, ಈಗ ತೆಗೆದರೆ ಉಳಿಯುತ್ತದೆ, ಬಿಟ್ಟರೆ ಅದಕ್ಕೂ ಇದೇ ಗತಿ ಬರಬಹುದು ಎಂದರು.

ಅವ್ವ ಒಪ್ಪುತ್ತಿಲ್ಲ. "ಬಲಗಣ್ಣಾಗ ಕೂಸಿನ ಮೈ ಕಾಣುವಷ್ಟು ಬೆಳಕೈತಿ. ಅದನ್ನೂ ಅವರ ಕೈಯಾಗ ಕೊಟ್ಟು, ಯಲ್ಲಪ್ಪಂದು ಹೋದಂಗ ಹೋದರ? ಸೌಂದರ್ಯಾನ ಕೂಸಿಗೆ ಎರದು ಮುಗಸ್ತೀನಿ, ಆಮ್ಯಾಲ ಏನರ ಮಾಡಕೊಳ್ರಿ" ಎನ್ನುತ್ತಾಳೆ. ವೀರೇಶ ಹೇಳಿದರು, ಪಟಾಲಮ್ಮನವರೂ ತಮ್ಮ ಕಣ್ಣು ತೋರಿಸಿ ನಾನು ಮಾಡಿಸಿಕೊಂಡಿದ್ದೇನೆ ನೋಡಿ ಎಂದರು. ನಿಮ್ಮದು ಪ್ಯಾಟಿ ಕಣ್ಣು ಎಂದುಬಿಟ್ಟಳು. ದೀಪಾವಳಿ ಮುಗಿದ ಕೂಡಲೇ ಊರಿಗೆ ಹೊರಡುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ನಿನ್ನ ಸುಳ್ಳಿನಿಂದ ಅವಳು ಇಲ್ಲಿಯವರೆಗೆ ಬಂದಳು. ಇಲ್ಲಿಂದ ಮುಂದಕ್ಕೆ ಏನು ಹೇಳುತ್ತೀಯೋ ಹೇಳು.

ಚೇತನಾ

ಕರೇಬಾವಿಹಾಳ
೨೬ ಅಕ್ಟೋಬರ್ ೨೦೨೪

ಅಕ್ಕಾ,

ತಪ್ಪಾಯಿತು. ನಿಮಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಹೇಳಿದೆ, ಗೊತ್ತಿರಲಿಲ್ಲ ಎಂದು ಈಗ ಇನ್ನೊಂದು ಸುಳ್ಳು ಹೇಳುವುದಿಲ್ಲ. ಕೂಸು ಎಂದರೆ ಮಾತ್ರ ಅವರು ಏಳುತ್ತಾರೆ. ಅದಕ್ಕೇ ಹೇಳಿದೆ.

ಎಡಗಣ್ಣು ಹೋಯಿತು ಎಂದು ಓದಿ ನಾನು ಒಲೆಯ ಮುಂದೆ ಕುಳಿತವಳು ಏಳಲಿಲ್ಲ. ನಿಮಗೆ ಬರೆಯದೆ ಬಿಟ್ಟ ಮಾತು ಒಂದಿದೆ. ಅದನ್ನು ಈಗ ಅತ್ತೆಗೇ ಬರೆಯುತ್ತೇನೆ. ಕೆಳಗಿರುವುದನ್ನು ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳಿ. ಓದಲು ಬಾಯಿ ಬರದಿದ್ದರೆ ವೀರೇಶಣ್ಣನ ಕೈಲಿ ಓದಿಸಿ. ಮೆತ್ತಗೆ ಮಾಡಿ ಮಾತ್ರ ಓದಬೇಡಿ.

ಅತ್ತೆಯವರಿಗೆ ಸೌಂದರ್ಯಾ ಮಾಡುವ ನಮಸ್ಕಾರ. ಈ ಬೇಸಿಗೆಯಲ್ಲಿ ನೀವು ನಮ್ಮ ಓಣಿಯ ಸ್ಮೃತಿಯ ಕೂಸಿಗೆ ಎರೆದ ಕೊನೆಯ ದಿನ ನೆನಪಿದೆಯೇ? ಬಚ್ಚಲಲ್ಲಿ ನಿಮ್ಮ ಎಡಕ್ಕೆ ಕುದಿಯುವ ಹಂಡೆ ಇತ್ತು, ಬಲಕ್ಕೆ ಬೆರೆಸಿಟ್ಟ ಬಕೆಟ್ಟು. ನೀವು ಬಕೆಟ್ಟು ಎಂದುಕೊಂಡು ತಂಬಿಗೆಯನ್ನು ಹಂಡೆಯೊಳಗೆ ಅದ್ದಿದಿರಿ. ಕೂಸಿನ ಎದೆಯ ಮೇಲೆ ಸುರಿಯುವುದರೊಳಗೆ ಸ್ಮೃತಿ ನಿಮ್ಮ ಕೈ ಹಿಡಿದಳು. ಕೂಸು ಹಸಿದಿದೆ, ಸಾಕು ಎಂದು ಹೇಳಿ ಎತ್ತಿಕೊಂಡು ಹೋದಳು. ಕೂಸು ಹಸಿದಿರಲಿಲ್ಲ. ಮರುದಿನ ನೀವು ಹೋದಾಗ ಕೂಸಿಗೆ ನೆಗಡಿಯಾಗಿದೆ, ಇವತ್ತು ಎರೆಯುವುದಿಲ್ಲ ಎಂದಳು. ಆಮೇಲೆ ಬಸಪ್ಪನವರ ಮನೆಯಲ್ಲೂ ಕೂಸಿಗೆ ನೆಗಡಿ ಎಂದರು. ಮೇಲಿನ ಓಣಿಯಲ್ಲೂ ಹಾಗೇ ಅಂದರು. ನೀವು ಈ ವರ್ಷ ನೆಗಡಿ ಬಹಳ ಎಂದು ಬಂದು ನನಗೆ ಹೇಳುತ್ತಿದ್ದಿರಿ. ಅತ್ತೆ, ಯಾವ ಕೂಸಿಗೂ ನೆಗಡಿಯಾಗಿಲ್ಲ. ನೀವು ಬರುವ ಮೊದಲೇ ಎಲ್ಲರೂ ತಮ್ಮ ತಮ್ಮ ಕೂಸಿಗೆ ಎರೆದು ಮಲಗಿಸಿ, ನಿಮಗೆ ಹಾಗೆ ಹೇಳಿ ಕಳಿಸುತ್ತಾರೆ. ನಿಮ್ಮ ಮೇಲಿನ ಮರ್ಯಾದೆಗೆ ಹೇಳುತ್ತಾರೆ. ಸ್ಮೃತಿ ಅವತ್ತೇ ನನಗೆ ಹೇಳಿದ್ದಳು, ನನಗೂ ಅಷ್ಟು ದಿನದಿಂದ ಗೊತ್ತು. ನಾನೂ ಸುಮ್ಮನಿದ್ದೆ.

ನನ್ನ ಕೂಸನ್ನು ಈ ಕಣ್ಣಿನ ನಿಮ್ಮ ಕಾಲ ಮೇಲೆ ನಾನು ಹಾಕುವುದಿಲ್ಲ. ನೀವು ಊರಿಗೆ ಬಂದು ಬಚ್ಚಲಲ್ಲಿ ಕುಳಿತರೂ ಹಾಕುವುದಿಲ್ಲ. ನನ್ನ ಕೂಸಿಗೂ ನೆಗಡಿಯಾಗಿದೆ ಎಂದು ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ. ನನ್ನ ಸಲುವಾಗಿ ನೀವು ಆ ಕಣ್ಣನ್ನು ಕಾಯುತ್ತಾ ಕೂರಬೇಡಿ.

ಅತ್ತೆಗೆ ಬರೆದದ್ದು ಇಷ್ಟು. ಅಕ್ಕಾ, ಹೋದ ಸಲದ್ದು ಸುಳ್ಳು, ಈ ಸಲದ್ದು ನಿಜ. ಹೆರಿಗೆ ಹತ್ತಿರ ಬರುತ್ತಿದೆ, ನನಗೆ ಇದ್ದವರು ಅವರೊಬ್ಬರೇ.

ಸೌಂದರ್ಯಾ

ಉಲ್ಲಾಳ
೨೪ ನವೆಂಬರ್ ೨೦೨೪

ಸೌಂದರ್ಯಾ,

ಆಪರೇಷನ್ ಆಯಿತು. ಬಲಗಣ್ಣು ಕಾಣುತ್ತದೆ. ಇಷ್ಟನ್ನು ಅಣ್ಣ ಫೋನಿನಲ್ಲಿ ಕೇಳಿರುತ್ತಾನೆ. ಉಳಿದದ್ದು ಸ್ಪೀಕರಿನಲ್ಲಿ ಹೇಳುವ ಮಾತಲ್ಲ.

ನಿನ್ನ ಪತ್ರ ಬಂದ ದಿನ ನಾನು ಅವ್ವನಿಗೆ ಓದಿ ಹೇಳಲಿಲ್ಲ. ಡಬ್ಬಿಯ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಒಯ್ದೆ, ತಂದೆ, ಮತ್ತೆ ಒಯ್ದೆ. ಇವಳು ಕಲ್ಲೆದೆಯವಳು ಎಂದು ನಿನ್ನನ್ನು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಅವ್ವ ವೀರೇಶನ ಕೈಲಿ ಬಸ್ಸಿನ ಟಿಕೆಟ್ಟು ತರಿಸುವ ಮಾತು ತೆಗೆದಳು. ಇನ್ನು ಉಪಾಯವಿಲ್ಲ ಎಂದು ಕೂತು ಓದಿದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಸ್ಮೃತಿ ಕೈ ಹಿಡಿದಳು ಎಂಬಲ್ಲಿಗೆ ಬಿಡಿಸುವುದು ನಿಂತಿತು. ನೆಗಡಿಯ ಮಾತು ಬಂದಾಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಕಾಗದ ನೋಡಿಕೊಂಡೇ ಕೊನೆಯವರೆಗೆ ಓದಿದೆ. ಮೆತ್ತಗೆ ಮಾಡಲಿಲ್ಲ.

ಆಮೇಲೆ ಒಂದೊಂದೇ ಮನೆಯ ಹೆಸರು ಹೇಳಿ, ಅವರೂ ಹಾಗೇ ಮಾಡಿದರಾ ಎಂದು ನನ್ನನ್ನು ಕೇಳತೊಡಗಿದಳು. ನನಗೇನು ಗೊತ್ತು? ಪ್ರತಿ ಮನೆಯಲ್ಲೂ ಏನು ಅಂದಿದ್ದರು ಎಂದು ತಾನೇ ನೆನಪು ಮಾಡಿಕೊಂಡು ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು. ಕಡೆಗೆ, "ಊರಿಗೇ ಗೊತ್ತಿತ್ತು. ನನಗೊಬ್ಬಾಕಿಗೆ ಗೊತ್ತಿರಲಿಲ್ಲ" ಎಂದಳು. ಆ ರಾತ್ರಿ ಊಟ ಮುಟ್ಟಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ತಲೆ ಬಾಚಿಕೊಂಡು ಬಾಗಿಲ ಹತ್ತಿರ 'ನಡಿ' ಎಂದು ನಿಂತಿದ್ದಳು. ಸೂಪರ್‌ವೈಸರು ರಜೆ ಕೊಡಲಿಲ್ಲ, ನಾನು ಹೇಳದೆ ಹೋದೆ. ಅದರ ಪರಿಣಾಮ ಇನ್ನೂ ಅನುಭವಿಸುತ್ತಿದ್ದೇನೆ, ಇರಲಿ.

ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಮೊದಲು ಗೋಡೆಯ ಮೂಲೆಯ ಬೂಷ್ಟು ನೋಡಿದಳು. ಆಮೇಲೆ ನನ್ನ ಹಾಲಿನ ಪಾತ್ರೆಯ ತಳ ನೋಡಿ, ಇದನ್ನು ಯಾವ ಕಾಲದಲ್ಲಿ ತಿಕ್ಕಿದ್ದೀ ಎಂದು ಬೈದಳು. ಅವ್ವ ಬೈದದ್ದಕ್ಕೆ ನಾನೂ ವೀರೇಶನೂ ಬಾಯಿ ತುಂಬ ನಕ್ಕೆವು. ಸಂಜೆ ನನ್ನ ಜಡೆ ಹಾಕಲು ಕೂರಿಸಿಕೊಂಡವಳು, ಇಷ್ಟು ಬಿಳಿ ಕೂದಲು ಯಾವಾಗ ಬಂತು ಎಂದು ಕೇಳಿ ಅಳತೊಡಗಿದಳು. ಹನಿ ಹಾಕಿದ ಕಣ್ಣಿಗೆ ಅಳು ಒಳ್ಳೆಯದಲ್ಲ ಎಂದು ಗದರಿಸಿದೆ. ಮಕ್ಕಳ ವಿಷಯ ಇಷ್ಟು ವರ್ಷದಲ್ಲಿ ನಾವು ಮಾತಾಡಿರಲಿಲ್ಲ, ಅವತ್ತು ಮಾತಾಡಿದೆವು. ಅದನ್ನು ನಿನಗೆ ಬರೆಯುವುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಅವಳು ನಿನ್ನ ಹೆಸರು ಹಿಡಿಯುವುದಿಲ್ಲ. ಅಮರೇಶನ ಹೇಣ್ತಿ ಎನ್ನುತ್ತಾಳೆ. ಡಾಕ್ಟರಮ್ಮ ಒಪ್ಪಿದ ಮೇಲೆ ಊರಿಗೆ ಕಳಿಸುತ್ತೇನೆ. ನಿನ್ನ ಹೆರಿಗೆಗೆ ಅವಳು ಹೇಗೆ ನಡೆದುಕೊಳ್ಳುತ್ತಾಳೋ ನನಗೆ ತಿಳಿಯದು. ನೀನು ಕಳೆದುಕೊಂಡದ್ದು ಏನು ಎಂದು ನನಗೆ ಗೊತ್ತು ವೈನಿ. ಪಂಚಮಿಯಲ್ಲಿ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿನ್ನ,
ಚೇತನಾ

ಕರೇಬಾವಿಹಾಳ
೨ ಫೆಬ್ರುವರಿ ೨೦೨೫

ಚೇತನಕ್ಕಾ,

ಹೆಣ್ಣು ಕೂಸು. ಸಂಕ್ರಾಂತಿ ಆದ ಮೇಲೆ ಹುಟ್ಟಿತು, ನಿಮಗೆ ಫೋನು ಬಂದಿದೆ. ನಿಮ್ಮ ಅಣ್ಣ ಸ್ಪೀಕರಿನಲ್ಲಿ ಊರಿಗೆಲ್ಲ ಸಾರಿದ್ದಾರೆ. ಬಾಣಂತಿ ಬರೆಯಬಾರದು, ಕಣ್ಣು ಸೋಲುತ್ತವೆ ಎಂದು ಪಕ್ಕದ ಮನೆಯವರು ಹೇಳಿ ಹೋದರು. ನಾನು ಬರೆಯುತ್ತಿದ್ದೇನೆ.

ಅತ್ತೆ ಎಳ್ಳ ಅಮಾವಾಸ್ಯೆಗೆ ಮುಂಚೆಯೇ ಬಂದರಲ್ಲ, ಬಂದವರು ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ನನಗೆ ಮೆಂತ್ಯದ ಗಂಜಿ ಮಾಡಿಕೊಟ್ಟರು, ಸೊಂಟಕ್ಕೆ ಬಟ್ಟೆ ಕಟ್ಟಿದರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಊಟಕ್ಕೆ ಕರೆಯುವಾಗಲೂ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ಓಣಿಯಲ್ಲಿ ಯಾರ ಮನೆಗೂ ಹೋಗಲಿಲ್ಲ. ಸ್ಮೃತಿ ಬಂದು, ಈಗ ಕಣ್ಣು ಬಂತಲ್ಲ, ನನ್ನ ಮಗನಿಗೆ ಒಮ್ಮೆ ಎರೆಯಿರಿ ಎಂದು ಕರೆದಳು. ನಿನ್ನ ಮಗ ಈಗ ದೊಡ್ಡಾವ ಆಗ್ಯಾನ ಎಂದು ಕಳಿಸಿದರು.

ಕೂಸು ಹುಟ್ಟಿದ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು ಅವರೇ. ಕಾಣುವ ಕಣ್ಣಿನ ಕಡೆಗೆ ಕೂಸನ್ನು ತಿರುಗಿಸಿಕೊಂಡು ಕಿವಿ, ಬೆರಳು, ಉಗುರು ಎಲ್ಲ ನೋಡಿದರು. ಮೂಗು ನಿಮ್ಮದಂತೆ. ಹಾಗೆಂದು ನಿಮ್ಮ ಅಣ್ಣನಿಗೆ ಹೇಳಿದರು, ನನಗಲ್ಲ.

ಮೊದಲು ಎರೆಯುವ ದಿನ ನಾನೇ ನೀರು ಬೆರೆಸಿದೆ, ಬಚ್ಚಲಲ್ಲಿ ಮಣೆ ಹಾಕಿದೆ, ಕೂಸನ್ನು ಎತ್ತಿಕೊಂಡು ಅವರ ಮುಂದೆ ನಿಂತೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರಲಿಲ್ಲ, ಕೂರಲಿಲ್ಲ, ಕೈ ನೀಡಲಿಲ್ಲ. ನಾನೇ ಕುಳಿತು, ಅವರು ಕೂರುವ ಹಾಗೆ ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡೆ. ಕೂಸು ಊರು ಕೇಳುವ ಹಾಗೆ ಅತ್ತಿತು. ನನ್ನ ಕಾಲು ಜಾರುತ್ತಿತ್ತು, ಕುತ್ತಿಗೆ ಹಿಡಿಯಲು ಬರುತ್ತಿರಲಿಲ್ಲ. ಅತ್ತೆ ಬಾಗಿಲಿನಿಂದಲೇ ಎಡಗೈ ಕೆಳಗೆ ಕೊಡು, ನೀರು ಇನ್ನೂ ಬಿಸಿ ಐತಿ, ಹಬೆ ನೋಡು ಎಂದು ಹೇಳಿಕೊಡುತ್ತಿದ್ದರು. ಹಾಗೇ ಮಾಡಿದೆ. ಹೇಗೋ ಮುಗಿಯಿತು. ಅಂದಿನಿಂದ ದಿನವೂ ನಾನೇ ಎರೆಯುತ್ತೇನೆ, ಅವರು ಬಾಗಿಲಲ್ಲಿ ನಿಲ್ಲುತ್ತಾರೆ.

ಇವತ್ತು ತಡೆಯಲಾಗಲಿಲ್ಲ. ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟು, ನಾನು ಅಂಥ ಮಾತು ಬರೆಯಬಾರದಿತ್ತು, ನನ್ನ ಮೇಲಿನ ಸಿಟ್ಟು ಬಿಡಿ ಅತ್ತೆ ಎಂದು ಕಾಲಿಗೆ ಬಿದ್ದೆ. ಅವರು ಕೂಸಿನ ತಲೆಗೆ ಲೋಬಾನದ ಹೊಗೆ ಹಿಡಿದರು. ಆಮೇಲೆ ಬಹಳ ದಿನದ ಮೇಲೆ ನನ್ನ ಹೆಸರು ಹಿಡಿದು ಮಾತಾಡಿದರು.

"ನೀ ಬರದದ್ದಕ್ಕ ನನಗ ಸಿಟ್ಟಿಲ್ಲ ಸೌಂದರ್ಯಾ. ಸ್ಮೃತಿ ನನ್ನ ಕೈ ಹಿಡದಳಲ್ಲ, ಅವತ್ತ ನೀ ಬಂದು ಇದನ್ನ ಅಂದಿದ್ದರ ನನ್ನ ಎರಡೂ ಕಣ್ಣು ಇರತಿದ್ದವು."

ಇದಕ್ಕೆ ನಾನು ಏನು ಹೇಳಲಿ, ನಿಮಗೆ ತಿಳಿದರೆ ಬರೆಯಿರಿ.

ನಿಮ್ಮ,
ಸೌಂದರ್ಯಾ